ಬಾಗಿಲು ಮುರಿದವರ ಮೇಲೆ ದಾವೆ

1958ರ ಅಕ್ಟೋಬರ್ 29ರ ಬೆಳಗಿನ ಜಾವ ಶಿಕಾಗೋದ ಹದಿಮೂರು ಪೊಲೀಸರು ಜೇಮ್ಸ್ ಮನ್ರೋ ಅನ್ನುವ ಕಪ್ಪು ಜನಾಂಗದವರೊಬ್ಬರ ಮನೆಗೆ ಬಾಗಿಲು ಮುರಿದು ನುಗ್ಗಿದರು. ವಾರಂಟ್ ಇರಲಿಲ್ಲ. ಗಂಡ ಹೆಂಡತಿಯನ್ನು ಹಾಸಿಗೆಯಿಂದ ಎಬ್ಬಿಸಿ ನಡುಮನೆಯಲ್ಲಿ ಬೆತ್ತಲೆ ನಿಲ್ಲಿಸಿದರು. ಡ್ರಾಯರುಗಳನ್ನೆಲ್ಲ ಕವುಚಿಹಾಕಿದರು, ಹಾಸಿಗೆ ಹರಿದರು. ಮನ್ರೋ ಅವರನ್ನು ಠಾಣೆಯಲ್ಲಿ ಹತ್ತು ಗಂಟೆ ಕೂರಿಸಿಕೊಂಡು, ಯಾವ ಆರೋಪವನ್ನೂ ಹೊರಿಸದೆ ಬಿಟ್ಟು ಕಳಿಸಿದರು. ಇದೆಲ್ಲ ಅವರು ಹೂಡಿದ ದಾವೆಯಲ್ಲಿರುವ ವಿವರ.

ದಾವೆಗೆ ಆಧಾರ 1871ರ ಒಂದು ಕಾನೂನು. ಅಂತರ್ಯುದ್ಧದ ನಂತರ ದಕ್ಷಿಣದ ರಾಜ್ಯಗಳಲ್ಲಿ ಕು ಕ್ಲಕ್ಸ್ ಕ್ಲಾನ್ ಕೊಲೆ ಸುಲಿಗೆ ನಡೆಸುತ್ತಿದ್ದಾಗ ಅಲ್ಲಿನ ಅಧಿಕಾರಿಗಳು ಕಣ್ಣುಮುಚ್ಚಿ ಕೂತಿದ್ದರು. ರಾಜ್ಯಗಳನ್ನು ನಂಬಿ ಪ್ರಯೋಜನವಿಲ್ಲ ಅಂತ ಸಂಸತ್ತು ಈ ಕಾನೂನು ತಂದಿತು. ರಾಜ್ಯದ ಅಧಿಕಾರ ಬಳಸಿ ಯಾರಾದರೂ ಸಂವಿಧಾನದ ಹಕ್ಕು ಕಿತ್ತುಕೊಂಡರೆ ಅವರ ಮೇಲೆ ಫೆಡರಲ್ ಕೋರ್ಟಿಗೆ ಹೋಗಬಹುದು. ಆಮೇಲೆ ತೊಂಬತ್ತು ವರ್ಷ ಅದು ಹೆಚ್ಚುಕಡಿಮೆ ಮಲಗೇ ಇತ್ತು.

ಶಿಕಾಗೋ ಕಡೆಯ ವಾದ ಕೇಳಿ. ಇಂಥ ದಾಳಿಯನ್ನು ಇಲಿನಾಯ್ ರಾಜ್ಯದ ಕಾನೂನೇ ನಿಷೇಧಿಸಿದೆ, ಹಾಗಾಗಿ ಇದು ರಾಜ್ಯದ ಹೆಸರಲ್ಲಿ ಮಾಡಿದ ಕೆಲಸವೇ ಅಲ್ಲ, ಬೇಕಿದ್ದರೆ ಇಲಿನಾಯ್ ಕೋರ್ಟಿಗೇ ಹೋಗಲಿ! ಜಾಣ ವಾದ, ಆದರೆ ಬೆತ್ತಲೆ ನಿಂತವರಿಗೆ ಎದುರಿಗಿದ್ದದ್ದು ಪೊಲೀಸರೇ ತಾನೆ? 1961ರಲ್ಲಿ ಸುಪ್ರೀಂ ಕೋರ್ಟ್ ಇದನ್ನು ಒಪ್ಪಲಿಲ್ಲ. ನಗರಸಭೆಯನ್ನು ಬಿಟ್ಟರೂ ಪೊಲೀಸರ ಮೇಲಿನ ದಾವೆ ಉಳಿಯಿತು.

ಅದೇ ಕೋರ್ಟು ಮುಂದೆ ಒಂದು ಬೀಗವನ್ನೂ ಹಾಕಿತು. 1967ರಲ್ಲಿ ಶುರುವಾಗಿ 1982ರಲ್ಲಿ ಗಟ್ಟಿಯಾದ ಈ ರಕ್ಷಣೆಯ ಪ್ರಕಾರ, ಅಧಿಕಾರಿ ಮೀರಿದ ಹಕ್ಕು ಮೊದಲೇ ಸ್ಪಷ್ಟವಾಗಿ ಸ್ಥಾಪಿತವಾಗಿರಬೇಕು. ಅಂದರೆ ಸಾಮಾನ್ಯವಾಗಿ ಅಂಥದೇ ಹಳೇ ತೀರ್ಪೊಂದನ್ನು ಹುಡುಕಿ ತೋರಿಸಬೇಕು. 1871ರ ಕಾನೂನಿನ ಪಠ್ಯದಲ್ಲಿ ಈ ರಕ್ಷಣೆಯ ಸುಳಿವೇ ಇಲ್ಲ. ನನಗೆ ಇದು ಕೋರ್ಟು ತಾನೇ ಬರೆದುಕೊಂಡ ತಿದ್ದುಪಡಿಯಂತೆ ಕಾಣುತ್ತದೆ.

ಜಾರ್ಜ್ ಫ್ಲಾಯ್ಡ್ ಕೊಲೆಯಾದ ಮುಂದಿನ ತಿಂಗಳೇ, 2020ರ ಜೂನಿನಲ್ಲಿ, ಕೊಲೊರಾಡೋ ಬೇರೆ ದಾರಿ ಹಿಡಿಯಿತು. ರಾಜ್ಯ ಸಂವಿಧಾನದ ಹಕ್ಕು ಮೀರಿದ ಪೊಲೀಸರ ಮೇಲೆ ರಾಜ್ಯದ ಕೋರ್ಟಿನಲ್ಲೇ ದಾವೆ. ಆ ರಕ್ಷಣೆ ಅಲ್ಲಿ ನಡೆಯುವುದಿಲ್ಲ. ಪೊಲೀಸರದು ಸದುದ್ದೇಶವಲ್ಲ ಅಂತ ಅವರ ಇಲಾಖೆಯೇ ತೀರ್ಮಾನಿಸಿದರೆ ಪರಿಹಾರದ ಶೇಕಡಾ 5 ಅಥವಾ 25,000 ಡಾಲರ್, ಯಾವುದು ಕಡಿಮೆಯೋ ಅಷ್ಟು, ಅವರ ಜೇಬಿನಿಂದಲೇ. 2021ರಲ್ಲಿ ನ್ಯೂ ಮೆಕ್ಸಿಕೊ ಕೂಡ ಕಾನೂನು ಮಾಡಿತು, ಆದರೆ ಅಲ್ಲಿ ದಾವೆ ಹೂಡುವುದು ಇಲಾಖೆಯ ಮೇಲೆ, ವ್ಯಕ್ತಿಯ ಮೇಲಲ್ಲ.

ಫೆಡರಲ್ ಅಧಿಕಾರಿಗಳು ಮಾತ್ರ 1871ರ ಕಾನೂನಿನ ಕೈಗೆ ಯಾವತ್ತೂ ಸಿಕ್ಕವರಲ್ಲ. 1971ರಲ್ಲಿ ಸುಪ್ರೀಂ ಕೋರ್ಟ್ ಅವರ ವಿರುದ್ಧ ತೆರೆದಿದ್ದ ಸಣ್ಣ ಕಿಂಡಿಯೂ 2022ರ ಹೊತ್ತಿಗೆ ಮುಚ್ಚಿದಂತೆಯೇ ಆಗಿತ್ತು. 2025ರ ಡಿಸೆಂಬರಿನಲ್ಲಿ ವಲಸೆ ದಾಳಿ ನಡೆಸುವ ಅಧಿಕಾರಿಗಳ ಮೇಲೂ ದಾವೆ ಹೂಡಬಹುದೆಂದು ಒಂದು ರಾಜ್ಯ ಕಾನೂನು ಮಾಡಿತು. ಯಾವ ರಾಜ್ಯ ಅಂತೀರಾ? ಮನ್ರೋ ಅವರ ಇಲಿನಾಯ್. ಅದೇ ತಿಂಗಳು ಫೆಡರಲ್ ಸರ್ಕಾರ ಆ ಕಾನೂನಿನ ವಿರುದ್ಧವೇ ಕೋರ್ಟಿಗೆ ಹೋಯಿತು.