ಬಾಣದ ಬಿಗಿತ

ಬಾಣದ ಬಿಗಿತ ಎಂದರೆ ಬಾಣದ ಕಡ್ಡಿಯು ಬಾಗದಂತೆ ಒಡ್ಡುವ ಪ್ರತಿರೋಧದ ಅಳತೆ. ಬಿಲ್ಲುಗಾರಿಕೆಯ ಪರಿಭಾಷೆಯಲ್ಲಿ ಇದಕ್ಕೆ ‘ಸ್ಪೈನ್’ ಎಂಬ ಹೆಸರಿದೆ. ಮರ ಅಥವಾ ಬಿದಿರಿನ ಸಾಂಪ್ರದಾಯಿಕ ಬಿಲ್ಲಿನಿಂದ ಬಿಟ್ಟ ಬಾಣವು ಗುರಿಯತ್ತ ನೇರವಾಗಿ ಸಾಗಬೇಕಾದರೆ ಅದರ ಬಿಗಿತವು ಬಿಲ್ಲಿನ ಎಳೆತದ ಬಲಕ್ಕೆ ಹೊಂದಿಕೊಂಡಿರಬೇಕು. ಹೊಂದದ ಬಾಣವು ಪಳಗಿದ ಬಿಲ್ಲುಗಾರನ ಕೈಯಲ್ಲಿಯೂ ಪಕ್ಕಕ್ಕೆ ಸರಿಯುತ್ತದೆ. ತೀರ ದುರ್ಬಲವಾದ ಬಾಣವು ಬಿಡುವಾಗಲೇ ಮುರಿದು, ಬಿಲ್ಲು ಹಿಡಿದ ಕೈಗೆ ಗಾಯ ಮಾಡಬಹುದು.

ಬಾಣವು ಬಾಗುವ ಕಾರಣ

ಸಾಂಪ್ರದಾಯಿಕ ಬಿಲ್ಲಿನಲ್ಲಿ ಬಾಣವು ಹಿಡಿಯ ಪಕ್ಕಕ್ಕೆ ಒರಗಿರುತ್ತದೆ. ಆದುದರಿಂದ ಪೂರ್ಣವಾಗಿ ಎಳೆದಾಗಲೂ ಅದರ ಮೊನೆ ಗುರಿಯಿಂದ ತುಸು ಓರೆಯಾಗಿರುತ್ತದೆ. ಹೆದೆಯನ್ನು ಬಿಟ್ಟೊಡನೆ ಹಿಂಬದಿಯ ಒತ್ತಡಕ್ಕೂ ಮುಂಬದಿಯ ಅಲಗಿನ ಜಡತ್ವಕ್ಕೂ ನಡುವೆ ಸಿಲುಕಿ ಕಡ್ಡಿ ಬಳುಕುತ್ತದೆ. ಮೊದಲು ಒಂದು ಕಡೆಗೆ, ಅನಂತರ ಇನ್ನೊಂದು ಕಡೆಗೆ ಬಾಗುತ್ತ ಅದು ಹಿಡಿಯನ್ನು ಬಳಸಿಕೊಂಡು ಹೊರಬರುತ್ತದೆ. ಈ ಬಳುಕು ಹಾರಾಟದಲ್ಲಿ ಕ್ರಮೇಣ ಅಡಗುತ್ತದೆ. ಓರೆಯಾಗಿ ಇಟ್ಟ ಬಾಣವು ನೇರವಾಗಿ ಹೋಗುವ ಈ ವಿದ್ಯಮಾನವೇ ‘ಬಿಲ್ಲುಗಾರನ ವಿರೋಧಾಭಾಸ’. 1930ರ ದಶಕದಲ್ಲಿ ಅಮೆರಿಕದ ಭೌತವಿಜ್ಞಾನಿ ಕ್ಲಾರೆನ್ಸ್ ಹಿಕ್‌ಮನ್ ಅತಿವೇಗದ ಛಾಯಾಗ್ರಹಣದ ನೆರವಿನಿಂದ ಇದನ್ನು ಅಧ್ಯಯನ ಮಾಡಿದರು.

ಅಳೆಯುವ ವಿಧಾನ

ಮರದ ಬಾಣಗಳಿಗೆ ಸರಳವಾದ ವಿಧಾನವೊಂದು ಬಳಕೆಯಲ್ಲಿದೆ. 26 ಅಂಗುಲ (ಸುಮಾರು 66 ಸೆಂ.ಮೀ.) ಅಂತರದ ಎರಡು ಆಧಾರಗಳ ಮೇಲೆ ಕಡ್ಡಿಯನ್ನಿಟ್ಟು, ನಡುವೆ 2 ಪೌಂಡು (ಸುಮಾರು 907 ಗ್ರಾಂ) ತೂಕವನ್ನು ತೂಗುಬಿಡಲಾಗುತ್ತದೆ. ಕಡ್ಡಿ ಎಷ್ಟು ಮಿಲಿಮೀಟರ್ ಬಾಗಿತೋ ಆ ಸಂಖ್ಯೆಯಿಂದ 660ನ್ನು ಭಾಗಿಸಿದರೆ ಬಿಗಿತವು ಪೌಂಡುಗಳಲ್ಲಿ ದೊರೆಯುತ್ತದೆ.

22 ಮಿ.ಮೀ. ಬಾಗು – 30 ಪೌಂಡು
16.5 ಮಿ.ಮೀ. ಬಾಗು – 40 ಪೌಂಡು
13.2 ಮಿ.ಮೀ. ಬಾಗು – 50 ಪೌಂಡು
11 ಮಿ.ಮೀ. ಬಾಗು – 60 ಪೌಂಡು

ಕಾರ್ಬನ್ ಬಾಣಗಳ ಮೇಲೆ ನಮೂದಿಸುವ ಸಂಖ್ಯೆಯ ಅರ್ಥ ಬೇರೆ. 28 ಅಂಗುಲ ಅಂತರದಲ್ಲಿ 1.94 ಪೌಂಡು ತೂಕಕ್ಕೆ ಕಡ್ಡಿ 0.500 ಅಂಗುಲ ಬಾಗಿದರೆ ಅದು ‘500’ರ ಬಾಣ. ಇಲ್ಲಿ ಸಂಖ್ಯೆ ಹೆಚ್ಚಿದಷ್ಟೂ ಬಿಗಿತ ಕಡಿಮೆ. ಮರದ ಬಾಣಗಳ ಪೌಂಡು ಗಣನೆಯಲ್ಲಿ ಸಂಖ್ಯೆ ಹೆಚ್ಚಿದಷ್ಟೂ ಬಿಗಿತ ಹೆಚ್ಚು.

ಆಯ್ಕೆಯಲ್ಲಿ ಗಮನಿಸಬೇಕಾದ ಅಂಶಗಳು

ಎಳೆತದ ಬಲ: ಬಿಲ್ಲಿನ ಮೇಲೆ ಬರೆದ ಬಲವು ಸಾಮಾನ್ಯವಾಗಿ 28 ಅಂಗುಲ ಎಳೆತಕ್ಕೆ ಸಂಬಂಧಿಸಿದ್ದು. ಅದಕ್ಕಿಂತ ಕಡಿಮೆ ಎಳೆಯುವವರಿಗೆ ಬಲವೂ ಕಡಿಮೆ. ಆದ್ದರಿಂದ ಬಿಲ್ಲುಗಾರನು ತಾನು ಎಳೆಯುವಷ್ಟು ಉದ್ದಕ್ಕೆ ಎಳೆದು, ಸ್ಪ್ರಿಂಗ್ ತಕ್ಕಡಿಯಿಂದ ಬಲವನ್ನು ಅಳೆಯುವುದು ಸೂಕ್ತ.

ಉದ್ದ: ಬಾಣ ಉದ್ದವಾದಷ್ಟೂ ಹೆಚ್ಚು ಬಳುಕುತ್ತದೆ. 28 ಅಂಗುಲಕ್ಕಿಂತ ಉದ್ದವಾದ ಬಾಣಕ್ಕೆ ಪ್ರತಿ ಅಂಗುಲಕ್ಕೆ ಸುಮಾರು 5 ಪೌಂಡು ಹೆಚ್ಚಿನ ಬಿಗಿತವನ್ನೂ, ಗಿಡ್ಡ ಬಾಣಕ್ಕೆ ಅಷ್ಟೇ ಕಡಿಮೆಯನ್ನೂ ಆರಿಸುವ ವಾಡಿಕೆಯಿದೆ.

ಅಲಗಿನ ತೂಕ: ಭಾರವಾದ ಅಲಗು ಬಳುಕನ್ನು ಹೆಚ್ಚಿಸುತ್ತದೆ, ಹಗುರವಾದುದು ತಗ್ಗಿಸುತ್ತದೆ.

ಹಿಡಿಯ ಅಗಲ: ಹಿಡಿ ಅಗಲವಾಗಿದ್ದಷ್ಟೂ ಬಾಣವು ಹೆಚ್ಚು ಬಳಸಿಕೊಂಡು ಹೋಗಬೇಕಾಗುವುದರಿಂದ ಕಡಿಮೆ ಬಿಗಿತದ ಬಾಣ ಬೇಕು.

ದಪ್ಪ: ಘನ ಕಡ್ಡಿಯ ಬಿಗಿತವು ವ್ಯಾಸದ ನಾಲ್ಕನೆಯ ಘಾತವನ್ನು ಅನುಸರಿಸುತ್ತದೆ. ವ್ಯಾಸ ಶೇಕಡ 10ರಷ್ಟು ಹೆಚ್ಚಿದರೆ ಬಿಗಿತ ಸುಮಾರು ಶೇಕಡ 46ರಷ್ಟು ಹೆಚ್ಚುತ್ತದೆ. ಹೀಗಾಗಿ ಕಡ್ಡಿಯನ್ನು ಸ್ವಲ್ಪವೇ ಉಜ್ಜಿದರೂ ವ್ಯತ್ಯಾಸ ದೊಡ್ಡದು. ಬಿದಿರಿನಲ್ಲಿ ಹೊರಮೈಯ ನಾರುಗಳೇ ಬಲಿಷ್ಠವಾದ್ದರಿಂದ ಎಚ್ಚರ ಇನ್ನೂ ಹೆಚ್ಚು ಬೇಕು.

ಪ್ರಯೋಗದಿಂದ ಪರೀಕ್ಷೆ

ಲೆಕ್ಕದಿಂದ ಆರಿಸಿದ ಬಾಣವನ್ನು ಎಸೆದು ನೋಡಿಯೇ ಖಚಿತಪಡಿಸಿಕೊಳ್ಳಬೇಕು. ಬಾಣವನ್ನು ಹಿಡಿಯ ಎಡಬದಿಯಲ್ಲಿಟ್ಟು ಬಲಗೈಯಿಂದ ಎಳೆಯುವವರಿಗೆ, ಅತಿ ಬಿಗಿಯಾದ ಬಾಣ ಎಡಕ್ಕೂ ಅತಿ ಬಳುಕುವ ಬಾಣ ಬಲಕ್ಕೂ ಸರಿಯುತ್ತದೆ. ಎಡಗೈಯವರಿಗೆ ಇದು ತಿರುವುಮುರುವು. ಒಂದೆರಡು ಬಾಣಗಳಿಂದ ತೀರ್ಮಾನಿಸದೆ, ಹಲವು ಬಾಣಗಳು ಒಂದೇ ಕಡೆಗೆ ಸರಿಯುತ್ತಿವೆಯೇ ಎಂಬುದನ್ನು ನೋಡಬೇಕು. ಒಂದು ಬತ್ತಳಿಕೆಯ ಬಾಣಗಳೆಲ್ಲ ಪರಸ್ಪರ ಸಮನಾದ ಬಿಗಿತ, ತೂಕಗಳನ್ನು ಹೊಂದಿರುವುದೂ ಅಗತ್ಯ. ಇಲ್ಲವಾದರೆ ಅಭ್ಯಾಸಿಯು ಬಾಣದ ದೋಷವನ್ನು ತನ್ನ ದೋಷವೆಂದು ಭಾವಿಸಿ ಸರಿಯಾದ ಎಸೆತವನ್ನೇ ಕೆಡಿಸಿಕೊಳ್ಳುವ ಸಂಭವವಿದೆ.

ಭಾರತೀಯ ಪರಂಪರೆಯಲ್ಲಿ

ವಸಿಷ್ಠನ ಹೆಸರಿನಲ್ಲಿರುವ ಸಂಸ್ಕೃತದ ಧನುರ್ವೇದ ಸಂಹಿತೆಯು ಬಾಣಗಳನ್ನು ಮೂರಾಗಿ ವಿಂಗಡಿಸುತ್ತದೆ. ಮುಂಭಾಗ ದಪ್ಪವಾದುದು ಸ್ತ್ರೀ, ಹಿಂಭಾಗ ದಪ್ಪವಾದುದು ಪುರುಷ, ಉದ್ದಕ್ಕೂ ಸಮನಾದುದು ನಪುಂಸಕ. ಇವು ಕ್ರಮವಾಗಿ ದೂರಕ್ಕೆ, ಭೇದನಕ್ಕೆ, ಗುರಿಯ ಅಭ್ಯಾಸಕ್ಕೆ ಯೋಗ್ಯವೆಂದು ಹೇಳಲಾಗಿದೆ. ಅತಿ ದಪ್ಪ, ಅತಿ ತೆಳು, ಬಲಿಯದ ಹಾಗೂ ಸೀಳಿದ ಕಡ್ಡಿಗಳನ್ನು ಬಿಡಬೇಕೆಂಬ ಸೂಚನೆಯೂ ಅದರಲ್ಲಿದೆ. ಬಿಗಿತಕ್ಕೆ ಸಂಖ್ಯೆಯನ್ನು ಕೊಡದಿದ್ದರೂ ಅದನ್ನು ನಿರ್ಧರಿಸುವ ಗುಣಗಳನ್ನು ಪ್ರಾಚೀನರು ಗಮನಿಸಿದ್ದರೆಂಬುದು ಇದರಿಂದ ತಿಳಿಯುತ್ತದೆ.

ಕರ್ನಾಟಕದ ವೀರಗಲ್ಲುಗಳಲ್ಲಿಯೂ ಹಳೇಬೀಡಿನ ಹೊಯ್ಸಳೇಶ್ವರ ದೇವಾಲಯದ ಶಿಲ್ಪಗಳಲ್ಲಿಯೂ ಬಿಲ್ಲುಗಾರರ ಚಿತ್ರಣ ಹೇರಳವಾಗಿದೆ. ಬಾಣಕ್ಕೆ ಒದಗುವ ಬಿದಿರು ಬೆಳಗಾವಿ ಜಿಲ್ಲೆಯ ಖಾನಾಪುರದ ಕಡೆಯ ಕಾಡುಗಳಲ್ಲಿ ಹಾಗೂ ಪಶ್ಚಿಮ ಘಟ್ಟದ ಇತರ ಭಾಗಗಳಲ್ಲಿ ಬೆಳೆಯುತ್ತದೆ. ಇಂದಿನ ರಾಷ್ಟ್ರೀಯ ಬಿಲ್ಲುಗಾರಿಕೆಯಲ್ಲಿ ‘ಇಂಡಿಯನ್ ರೌಂಡ್’ ವಿಭಾಗವು ಬಿದಿರಿನ ಬಿಲ್ಲಿನ ಬಳಕೆಯನ್ನು ಉಳಿಸಿಕೊಂಡಿದೆ.

ಸುರಕ್ಷತೆ

ಬಿಗಿತ ಸರಿಯಿದ್ದರೂ ಬಿರುಕು ಬಿಟ್ಟ ಬಾಣವನ್ನು ಬಳಸಬಾರದು. ಪ್ರತಿ ಎಸೆತದ ಅನಂತರ ಕಡ್ಡಿಯನ್ನು ಮೆಲ್ಲಗೆ ಬಾಗಿಸಿ, ಬೆರಳಾಡಿಸಿ ಪರೀಕ್ಷಿಸಬೇಕು. ಬಿದಿರಾದರೆ ಗೆಣ್ಣುಗಳ ಸುತ್ತ ವಿಶೇಷವಾಗಿ ನೋಡಬೇಕು. ಬಿಗಿತವನ್ನು ಹೆಚ್ಚಿಸಲು ಬಾಣವನ್ನು ಕತ್ತರಿಸುವಾಗ ಅದು ಪೂರ್ಣ ಎಳೆತದ ಉದ್ದಕ್ಕಿಂತ ಗಿಡ್ಡವಾಗಬಾರದು. ಗಿಡ್ಡವಾದರೆ ಅಲಗು ಹಿಡಿಯಿಂದ ಹಿಂದೆ ಸರಿದು ಬಿಲ್ಲು ಹಿಡಿದ ಕೈಗೆ ನೆಡುವ ಅಪಾಯವಿದೆ.