ಎವಾಂಗೆಲಿಯನ್ ಕಥೆಯ ಮುಕ್ತಾಯವೂ ಪ್ರೇಕ್ಷಕರ ಕೋಪವೂ

ನಾಟಕದ ಕಥಾಶರೀರಕ್ಕೆ ಐದು ಸಂಧಿಗಳುಂಟೆಂದೂ, ಅವುಗಳಲ್ಲಿ ಕಡೆಯದಾದ ನಿರ್ವಹಣದಲ್ಲಿ ಬೀಜ ಮೊದಲುಗೊಂಡು ಅಲ್ಲಲ್ಲಿ ಚೆದರಿದ ಅರ್ಥಗಳೆಲ್ಲವೂ ಒಂದೇ ಪ್ರಯೋಜನದಲ್ಲಿ ಬಂದು ಕೂಡಬೇಕೆಂದೂ ಭಾರತೀಯ ಲಾಕ್ಷಣಿಕರು ವಿಧಿಸಿದ್ದಾರೆ. ಆ ಸಂಧಿಯಲ್ಲಿ ಅದ್ಭುತರಸವಿರಬೇಕೆಂಬುದು ಭರತನ ಮತ. ಶಾಸ್ತ್ರವನ್ನು ಓದದವರೂ ಇದನ್ನು ಬಲ್ಲರು. ಹಾಕಿದ ಗಂಟನ್ನು ಹಾಕಿದವನೇ ಬಿಚ್ಚಬೇಕು. ಬಿಚ್ಚದೆ ಎದ್ದುಹೋದ ಕವಿಯನ್ನು ಸಭೆಯು ಸಾಲ ತೀರಿಸದೆ ಊರು ಬಿಟ್ಟವನಂತೆ ಕಾಣುತ್ತದೆ. ಈ ಭಾವನೆ ಎಷ್ಟು ಪ್ರಬಲವಾದುದು, ಅದಕ್ಕೆ ಇದಿರಾದ ಕಲಾವಿದನ ಗತಿಯೇನು, ಕೋಪಗೊಂಡ ಸಭೆಗೆ ಕೊನೆಯಲ್ಲಿ ದೊರೆಯುವುದೇನು ಎಂಬುದನ್ನು ವಿಚಾರಮಾಡುವವರಿಗೆ ಜಪಾನಿನಲ್ಲಿ ೧೯೯೬ರಿಂದ ೨೦೨೧ರ ವರೆಗೆ ನಡೆದ ಒಂದು ಪ್ರಸಂಗವು ಬಹಳ ಉಪಯುಕ್ತವಾಗಿದೆ.

೧

ಬರೆದ ಚಿತ್ರಗಳನ್ನು ಒಂದರ ಬಳಿಕ ಒಂದಾಗಿ ಓಡಿಸಿ ಜೀವ ಬಂದಂತೆ ತೋರಿಸುವ ಕಲೆಗೆ ಜಪಾನೀಯರು ‘ಅನಿಮೆ’ ಎನ್ನುವರು. ಟೆಲಿವಿಷನ್ನಿನಲ್ಲಿ ವಾರಕ್ಕೊಂದು ಕಂತಾಗಿ ಬರುವ ಇಂತಹ ಕಥಾಮಾಲೆಗಳು ಆ ದೇಶದಲ್ಲಿ ಮಕ್ಕಳಿಗೂ ದೊಡ್ಡವರಿಗೂ ನಿತ್ಯದ ವಿನೋದವಾಗಿವೆ. ಅವುಗಳ ಪಾತ್ರಗಳನ್ನು ಜನರು ಬಂಧುಗಳಂತೆ ಪ್ರೀತಿಸುವುದು ಹೊಸತೇನೂ ಅಲ್ಲ. ೧೯೭೦ರ ಮಾರ್ಚ್ ೨೪ರಂದು, ‘ಅಶಿತ ನೊ ಜೋ’ ಎಂಬ ಚಿತ್ರಕಥೆಯಲ್ಲಿ ಮಡಿದ ರಿಕಿಶಿ ಎಂಬ ಮುಷ್ಟಿಮಲ್ಲನಿಗೆ ಟೋಕಿಯೋ ನಗರದಲ್ಲಿ ನಿಜವಾದ ಶವಸಂಸ್ಕಾರದ ವಿಧಿಯೇ ನಡೆಯಿತು. ಕವಿಯೂ ನಾಟಕಕಾರನೂ ಆದ ತೆರಯಾಮ ಶೂಜಿಯು ಅದಕ್ಕೆ ಮುಂದಾಳಾದನು. ಸುಮಾರು ೭೦೦ ಜನ ನೆರೆದರು. ೧೯೭೮ರ ಆಗಸ್ಟಿನಲ್ಲಿ ತೆರೆಗೆ ಬಂದ ‘ಯಾಮಾತೊ’ ಎಂಬ ಯುದ್ಧನೌಕೆಯ ಚಿತ್ರದಲ್ಲಿ ನಾಯಕನು ನೌಕೆಯೊಡನೆ ಪ್ರಾಣವನ್ನರ್ಪಿಸಿದನು. ಅದೇ ವರ್ಷದ ಅಕ್ಟೋಬರಿನಲ್ಲಿ ಅದೇ ಕಥೆ ಟೆಲಿವಿಷನ್ನಿಗೆ ಬಂದಾಗ ಮುಕ್ತಾಯವು ಬದಲಾಗಿ ನಾಯಕನು ಬದುಕಿ ಉಳಿದನು. ಒಂದು ಕಥೆಗೆ ಎರಡು ಕೊನೆಗಳಿರಬಹುದೆಂಬುದು ಹೀಗೆ ಜನರಿಗೆ ಆಗಲೇ ಪರಿಚಿತವಾಗಿತ್ತು.

ಈ ‘ಯಾಮಾತೊ’ ಕಥೆಯನ್ನು ಕಂಡು ಬೆಳೆದ ತಲೆಮಾರಿನವನೇ ಅನ್ನೊ ಹಿದೆಆಕಿ. ಆತನು ೧೯೬೦ರಲ್ಲಿ ಯಾಮಗುಚಿ ಪ್ರಾಂತದ ಉಬೆ ಎಂಬ ಊರಿನಲ್ಲಿ ಹುಟ್ಟಿದನು. ಗೈನಾಕ್ಸ್ ಎಂಬ ಸಂಸ್ಥೆಯಲ್ಲಿದ್ದು ಆತನು ನಿರ್ದೇಶಿಸಿದ ‘ಶಿನ್ ಸೆಯಿಕಿ ಎವಾಂಗೆಲಿಯನ್’ ಎಂಬ ೨೬ ಕಂತುಗಳ ಮಾಲೆಯು ೧೯೯೫ರ ಅಕ್ಟೋಬರ್ ೪ರಿಂದ ೧೯೯೬ರ ಮಾರ್ಚ್ ೨೭ರ ವರೆಗೆ ಟಿ.ವಿ. ಟೋಕಿಯೋದಲ್ಲಿ ಬುಧವಾರದ ಸಂಜೆಗಳಲ್ಲಿ ಪ್ರಸಾರವಾಯಿತು. ಎವಾಂಗೆಲಿಯನ್ ಎಂಬುದು ಸುವಾರ್ತೆ ಎಂಬರ್ಥದ ಗ್ರೀಕ್ ಪದ. ಆ ೧೯೯೫ನೆಯ ವರ್ಷ ಜಪಾನಿಗೆ ದುರ್ವಾರ್ತೆಗಳ ವರ್ಷವಾಗಿತ್ತು: ಜನವರಿ ೧೭ರಂದು ಕೋಬೆಯ ಭೂಕಂಪ, ಮಾರ್ಚ್ ೨೦ರಂದು ಟೋಕಿಯೋದ ಸುರಂಗ ರೈಲಿನಲ್ಲಿ ಓಮ್ ಶಿನ್ರಿಕ್ಯೋ ಪಂಥದವರು ಹರಡಿದ ವಿಷವಾಯು. ಲೋಕಾಂತ್ಯದ ಕಥೆಯನ್ನು ಕೇಳಲು ಜನರ ಮನಸ್ಸು ಹದಗೊಂಡಿತ್ತು.

೨

ಕಥೆಯ ಸ್ವರೂಪವನ್ನು ಸಂಗ್ರಹವಾಗಿ ಹೇಳುವುದಾದರೆ: ೨೦೦೦ದಲ್ಲಿ ದಕ್ಷಿಣ ಧ್ರುವದಲ್ಲಿ ಸಂಭವಿಸಿದ ಮಹೋತ್ಪಾತದಿಂದ ಮಾನವಕುಲದ ಅರ್ಧ ಭಾಗ ನಾಶವಾಗಿದೆ. ಹದಿನೈದು ವರ್ಷಗಳ ಮೇಲೆ, ‘ದೂತ’ರೆಂದು ಕರೆಯಲ್ಪಡುವ ಅಮಾನುಷ ಜೀವಿಗಳು ಒಂದೊಂದಾಗಿ ಹೊಸ ಟೋಕಿಯೋದ ಮೇಲೆ ಎರಗುತ್ತವೆ. ಅವನ್ನು ಎದುರಿಸಲು ನಿರ್ಮಿತವಾದ ದೈತ್ಯಾಕೃತಿಗಳನ್ನು ಹದಿನಾಲ್ಕು ವರ್ಷದ ಮಕ್ಕಳು ಮಾತ್ರ ನಡೆಸಬಲ್ಲರು. ಹಾಗೆ ನಡೆಸಲು ತಂದೆಯಿಂದಲೇ ಕರೆಯಲ್ಪಟ್ಟ ಬಾಲಕ ಶಿಂಜಿ. ತಾಯಿಯಿಲ್ಲದ, ತಂದೆಯು ಮುಖ ಕೊಟ್ಟು ಮಾತನಾಡದ ಹುಡುಗ. ಯಾರಿಗೂ ಬೇಡವಾದೆನೆಂಬ ಅಳುಕಿನಿಂದ ಎಲ್ಲರಿಂದಲೂ ಓಡಿಹೋಗುವವನು. ತಾನು ನಡೆಸುವ ದೈತ್ಯನೊಳಗೆ ತಾಯಿಯ ಆತ್ಮವೇ ಸೇರಿಕೊಂಡಿದೆ ಎಂಬುದು ಕ್ರಮೇಣ ಹೊರಬೀಳುವ ರಹಸ್ಯ. ಇದರ ಹಿಂದೆ, ಎಲ್ಲ ಮನುಷ್ಯರ ಆತ್ಮಗಳನ್ನೂ ಒಂದಾಗಿ ಕರಗಿಸಿ ಏಕಾಂತದ ದುಃಖವನ್ನು ಇಲ್ಲವಾಗಿಸುವ ಗೂಢವಾದ ಯೋಜನೆಯೊಂದಿದೆ. ಇಪ್ಪತ್ತನಾಲ್ಕನೆಯ ಕಂತಿನಲ್ಲಿ ಶಿಂಜಿಯು, ತನ್ನನ್ನು ಪ್ರೀತಿಸಿದ ಏಕಮಾತ್ರ ಮಿತ್ರನೇ ಕಡೆಯ ದೂತನೆಂದು ತಿಳಿದು, ಅವನನ್ನು ತನ್ನ ಕೈಯಾರೆ ಕೊಲ್ಲಬೇಕಾಗುತ್ತದೆ. ಉಳಿದ ಎರಡು ಕಂತುಗಳಿಗಾಗಿ ಜನರು ಉಸಿರು ಬಿಗಿಹಿಡಿದು ಕಾದರು.

ಕಂಡದ್ದಾದರೂ ಏನು? ಯುದ್ಧವಿಲ್ಲ, ನಗರವಿಲ್ಲ. ಕತ್ತಲೆಯಲ್ಲೊಂದು ಕುರ್ಚಿ, ಅದರ ಮೇಲೆ ಒಂದು ದೀಪದ ಬೆಳಕು, ಕುಳಿತ ಬಾಲಕನನ್ನು ಕುರಿತು ಪ್ರಶ್ನೆಗಳು. ಚಲನೆಯಿಲ್ಲದ ಚಿತ್ರಗಳು, ತೆರೆಯ ತುಂಬ ಅಕ್ಷರಗಳು, ಬಣ್ಣ ತುಂಬದ ಪೆನ್ಸಿಲಿನ ರೇಖೆಗಳು. ಮುಖ್ಯ ಪಾತ್ರಗಳಾದ ಮಿಸಾತೊ, ರಿತ್ಸುಕೊ ಇಬ್ಬರೂ ಸತ್ತುಬಿದ್ದಿರುವ ಚಿತ್ರಗಳು ಕ್ಷಣಮಾತ್ರ ತೋರಿ ಮರೆಯಾದುವು, ಕೊಂದವರಾರೆಂಬುದಕ್ಕೆ ಉತ್ತರವಿಲ್ಲ. ಕಡೆಗೆ ಶಿಂಜಿಯು ತಾನೂ ಇಲ್ಲಿ ಇರಬಹುದು ಎಂಬ ಅರಿವಿಗೆ ಬರುತ್ತಾನೆ. ಒಡನೆ ಸುತ್ತ ಕವಿದ ಗೋಡೆಗಳು ಒಡೆದು, ನೀಲಿಯ ಆಕಾಶದ ಕೆಳಗೆ ಎಲ್ಲ ಪಾತ್ರಗಳೂ ವೃತ್ತವಾಗಿ ನಿಂತು ಚಪ್ಪಾಳೆ ತಟ್ಟಿ ಒಬ್ಬೊಬ್ಬರಾಗಿ ಅವನನ್ನು ಅಭಿನಂದಿಸುತ್ತಾರೆ. ಮಾಲೆಯು ಅಲ್ಲಿಗೆ ಮುಗಿಯಿತು.

೩

ಆ ರಾತ್ರಿಯಿಂದಲೇ ಪ್ರೇಕ್ಷಕರು ಎರಡು ಪಕ್ಷವಾದರು. ದೂತರ ಮೂಲವೇನು, ಗೂಢ ಯೋಜನೆ ಏನಾಯಿತು, ಲೋಕ ಉಳಿಯಿತೇ ಅಳಿಯಿತೇ ಎಂದು ಆರು ತಿಂಗಳು ಲೆಕ್ಕವಿಟ್ಟು ಕಾದವರು ತಮಗೆ ವಂಚನೆಯಾಯಿತೆಂದರು. ಹಣವೂ ಕಾಲವೂ ಸಾಲದೆ ಕೈಚೆಲ್ಲಿದುದನ್ನೇ ಕಲೆಯೆಂದು ತೋರಿಸಿದ್ದಾರೆ ಎಂದು ಕೆಲವರು ಹಳಿದರು. ತಯಾರಿಕೆಯ ವೇಳಾಪಟ್ಟಿ ಕುಸಿದುಬಿದ್ದಿತ್ತೆಂಬುದು ನಿಜವೇ ಆದುದರಿಂದ ಈ ಮಾತನ್ನು ತಳ್ಳಿಹಾಕುವಂತಿರಲಿಲ್ಲ. ವಿಮರ್ಶಕರಲ್ಲಿ ಕೆಲವರು, ನೊಂದವರಿಗೆ ಎರಡು ದಿನಗಳಲ್ಲಿ ಆತ್ಮವಿಶ್ವಾಸವನ್ನು ಬೋಧಿಸಿ ಕಳುಹಿಸುವ ಶಿಬಿರಗಳಿಗೆ ಈ ಮುಕ್ತಾಯವನ್ನು ಹೋಲಿಸಿ ನಕ್ಕರು. ಎದುರು ಪಕ್ಷದವರ ವಾದವೇ ಬೇರೆ. ಕಥೆಯ ಬೀಜವು ದೂತರಲ್ಲಿ ಇರಲಿಲ್ಲ, ಬಾಲಕನ ಅಳುಕಿನಲ್ಲಿತ್ತು. ಬೀಜಕ್ಕೆ ತಕ್ಕ ಫಲವು ಬಂದಿದೆ, ಉಳಿದುದು ಹೊಟ್ಟು. ಇಷ್ಟು ಧೈರ್ಯದ ಕೊನೆಯನ್ನು ಯಾರೂ ತೋರಿಸಿರಲಿಲ್ಲ ಎಂದು ಅವರು ಹೊಗಳಿದರು.

ಎರಡು ಪಕ್ಷಗಳಲ್ಲಿಯೂ ಸತ್ಯಾಂಶವುಂಟು. ಕಥೆಯನ್ನು ಹೇಳುವವನ ಮೇಲೆ ಎರಡು ಬಗೆಯ ಋಣವಿರುತ್ತದೆ: ವೃತ್ತಾಂತದ ಋಣವೊಂದು, ಭಾವದ ಋಣವೊಂದು. ೧೯೯೬ರ ಮುಕ್ತಾಯವು ಎರಡನೆಯದನ್ನು ತೀರಿಸಿ ಮೊದಲನೆಯದನ್ನು ಮರೆಯಿತು. ರಹಸ್ಯದ ಮೇಲೆ ರಹಸ್ಯವನ್ನು ಒಡ್ಡಿ ಸಭೆಯ ಕುತೂಹಲವನ್ನು ಕೆರಳಿಸಿದವನು, ಕಡೆಯಲ್ಲಿ ಕುತೂಹಲವೇ ತಪ್ಪೆಂಬಂತೆ ನಡೆದುಕೊಂಡರೆ ಸಭೆ ಸಿಟ್ಟಾಗುವುದು ಅನ್ಯಾಯವಲ್ಲ. ಆದರೆ ಸಿಟ್ಟು ನ್ಯಾಯವಾದ ಮಾತ್ರಕ್ಕೆ ಸಿಟ್ಟಿನ ನಡತೆಯೆಲ್ಲವೂ ನ್ಯಾಯವಾಗುವುದಿಲ್ಲ. ಆ ಕಾಲಕ್ಕೆ ಆಗತಾನೆ ಹಬ್ಬುತ್ತಿದ್ದ ಅಂತರ್ಜಾಲದಲ್ಲಿ ಹೆಸರಿಲ್ಲದವರು ನಿರ್ದೇಶಕನನ್ನು ಕೊಲ್ಲುವ ಬಗೆಯನ್ನು ಚರ್ಚಿಸಿದರು. ಸಂಸ್ಥೆಯ ಕಟ್ಟಡದ ಗೋಡೆಗಳ ಮೇಲೆ ಬೈಗುಳಗಳು ಕಾಣಿಸಿಕೊಂಡುವು. ಅನ್ನೊ ಮೊದಲೇ ದೃಢಚಿತ್ತನಲ್ಲ. ಈ ಮಾಲೆಗೆ ಮುಂಚೆ ನಾಲ್ಕು ವರ್ಷ ಏನೂ ಮಾಡಲಾಗದೆ ಮುರಿದು ಕುಳಿತಿದ್ದೆನೆಂದು ಆತನೇ ಬರೆದಿದ್ದನು. ೨೦೨೧ರ ಮಾರ್ಚಿಯಲ್ಲಿ ಎನ್‌ಎಚ್‌ಕೆ ಸಂಸ್ಥೆಯು ಪ್ರಸಾರಮಾಡಿದ ಕಾರ್ಯಕ್ರಮದಲ್ಲಿ ಆತನು ಆ ದಿನಗಳನ್ನು ನೆನೆದು, ಆ ಚರ್ಚೆಯನ್ನು ಕಂಡ ಮೇಲೆ ತನಗೆ ಎಲ್ಲದರಲ್ಲಿಯೂ ಆಸೆ ಬತ್ತಿತೆಂದೂ, ಪ್ರಾಣವನ್ನೇ ಬಿಡುವ ಯೋಚನೆ ಬಂದಿತ್ತೆಂದೂ ತಿಳಿಸಿದನು. ಏಕಾಂತದ ದುಃಖವನ್ನು ಕುರಿತ ಕಥೆಯನ್ನು ಪ್ರೀತಿಸಿದ ಜನವೇ ಅದನ್ನು ಹೇಳಿದವನನ್ನು ಅಷ್ಟು ಏಕಾಂಗಿಯಾಗಿಸಿತು. ಈ ಪ್ರಸಂಗದಲ್ಲಿ ಶೋಚನೀಯವಾದ ಅಂಶವು ಇದೇ.

೪

ಕೋಪವು ಕಥೆಯ ಕೀರ್ತಿಯನ್ನು ತಗ್ಗಿಸಲಿಲ್ಲ. ೧೯೯೭ರಲ್ಲಿ ಈ ಮಾಲೆಗೆ ನಿಹೊನ್ ಎಸ್‌ಎಫ್ ತೈಶೋ ಎಂಬ ವೈಜ್ಞಾನಿಕ ಕಾಲ್ಪನಿಕ ಸಾಹಿತ್ಯದ ಪ್ರಶಸ್ತಿ ಬಂದಿತು. ಮುಕ್ತಾಯವನ್ನು ಮತ್ತೆ ರಚಿಸುವುದಾಗಿ ಸಂಸ್ಥೆಯು ಸಾರಿತು. ಅದೇ ವರ್ಷ ಮಾರ್ಚ್ ೧೫ರಂದು ಬಂದ ಚಲಚ್ಚಿತ್ರದಲ್ಲಿ ಹೊಸ ಮುಕ್ತಾಯವು ಪೂರ್ಣವಾಗದೆ ಅರ್ಧಕ್ಕೇ ನಿಂತಿತು. ಜುಲೈ ೧೯ರಂದು ‘ಎವಾಂಗೆಲಿಯನ್ನಿನ ಅಂತ್ಯ’ವೆಂಬ ಎರಡನೆಯ ಚಿತ್ರ ತೆರೆಗೆ ಬಂದಿತು. ಈ ಬಾರಿ ವೃತ್ತಾಂತದ ಋಣ ತೀರಿತು. ಕೊಂದವರಾರೆಂಬುದು ತಿಳಿಯಿತು, ಮಾನವರೆಲ್ಲರೂ ಕರಗಿ ಒಂದಾಗುವ ಮಹಾಪ್ರಳಯವನ್ನು ಕಣ್ಣಾರೆ ಕಂಡದ್ದಾಯಿತು. ಆದರೆ ಆ ಪ್ರಳಯದ ನಡುವೆ ಬರೆದ ಚಿತ್ರಗಳು ಥಟ್ಟನೆ ನಿಂತು, ಚಿತ್ರಮಂದಿರದಲ್ಲಿ ಸಾಲಾಗಿ ಕುಳಿತ ನಿಜವಾದ ಜನರು ತೆರೆಯ ಮೇಲೆ ಕಾಣಿಸಿದರು. ಸಂಸ್ಥೆಗೆ ಬಂದ ಪತ್ರಗಳು, ಹೊಗಳಿಕೆಯೂ ಬೆದರಿಕೆಯೂ ಕೂಡಿ, ಓದಲಾಗದ ವೇಗದಲ್ಲಿ ಹಾದುಹೋದುವು. ಗೋಡೆಯ ಮೇಲಿನ ಬರಹಗಳೂ ಬಂದುವು. ಸಭೆಯ ಕೋಪವನ್ನೇ ಕಥೆಯ ಅಂಗವಾಗಿ ಮಾಡಿ ಸಭೆಗೆ ಕನ್ನಡಿ ಹಿಡಿದದ್ದು ಅದು. ಕಡೆಯಲ್ಲಿ ಕೆಂಪು ಕಡಲಿನ ದಡದಲ್ಲಿ ಶಿಂಜಿಯೂ ಅಸುಕಾ ಎಂಬ ಹುಡುಗಿಯೂ ಮಾತ್ರ ಉಳಿದಿದ್ದಾರೆ, ಅವನು ಅವಳ ಕುತ್ತಿಗೆಯನ್ನು ಒತ್ತುತ್ತಾನೆ, ಅವಳು ಅವನ ಕೆನ್ನೆಯನ್ನು ಸವರುತ್ತಾಳೆ, ಅವನು ಅಳುತ್ತಾನೆ, ಅವಳು ಹೇಸಿಗೆಯ ಒಂದು ಮಾತನ್ನಾಡುತ್ತಾಳೆ. ಉತ್ತರವನ್ನು ಬೇಡಿ ಬಂದವರು ಉತ್ತರವನ್ನು ಪಡೆದು, ಬೇಡಿದುದಕ್ಕಾಗಿ ನಾಚಿ ಹಿಂದಿರುಗಿದರು. ವೃತ್ತಾಂತವು ಪೂರ್ಣವಾಯಿತು, ಸಮಾಧಾನವು ಮೊದಲಿಗಿಂತಲೂ ದೂರವಾಯಿತು.

೫

ಮೂರನೆಯ ಮುಕ್ತಾಯವು ಬರುವುದಕ್ಕೆ ಬಹುಕಾಲ ಹಿಡಿಯಿತು. ೨೦೦೬ರಲ್ಲಿ ಅನ್ನೊ ‘ಖಾರಾ’ ಎಂಬ ಸ್ವಂತ ಸಂಸ್ಥೆಯನ್ನು ಕಟ್ಟಿ ಕಥೆಯನ್ನು ಮೊದಲಿನಿಂದ ನಾಲ್ಕು ಚಲಚ್ಚಿತ್ರಗಳಾಗಿ ಹೇಳತೊಡಗಿದನು. ಮೊದಲ ಮೂರು ೨೦೦೭, ೨೦೦೯, ೨೦೧೨ರಲ್ಲಿ ಬಂದುವು. ಮೂರನೆಯದು ಮುಗಿದೊಡನೆ ಆತನು ಮತ್ತೆ ಖಿನ್ನತೆಗೆ ತುತ್ತಾದನು. ನಾಲ್ಕನೆಯದು, ಕೋವಿಡ್ ಸಾಂಕ್ರಾಮಿಕದಿಂದ ಎರಡು ಬಾರಿ ಮುಂದಕ್ಕೆ ಹೋಗಿ, ೨೦೨೧ರ ಮಾರ್ಚ್ ೮ರಂದು ಬಿಡುಗಡೆಯಾಯಿತು. ಅದರ ಗಳಿಕೆ ಜಪಾನಿನಲ್ಲಿ ೧೦೦೦ ಕೋಟಿ ಯೆನ್ನನ್ನು ಮೀರಿತು.

ಈ ಚಿತ್ರದಲ್ಲಿ ಶಿಂಜಿಯು ಹದಿನಾಲ್ಕರ ಬಾಲಕನಾಗಿಯೇ ಉಳಿದಿರಲು, ಅವನ ಸಹಪಾಠಿಗಳು ಬೆಳೆದು ದೊಡ್ಡವರಾಗಿದ್ದಾರೆ. ಒಬ್ಬನು ಮದುವೆಯಾಗಿ ಮಗುವನ್ನೆತ್ತಿಕೊಂಡಿದ್ದಾನೆ. ಅಳಿದುಳಿದ ಜನರ ಹಳ್ಳಿಯೊಂದರಲ್ಲಿ ಹೆಂಗಸರು ಬತ್ತದ ನಾಟಿ ಮಾಡುತ್ತಾರೆ. ಮಾತೇ ಬಾರದವನಂತೆ ಮೂಲೆ ಹಿಡಿದ ಶಿಂಜಿಯನ್ನು ಯಾರೂ ಗದರಿಸದೆ, ಅವನು ತಾನಾಗಿ ಏಳುವವರೆಗೆ ಕಾಯುತ್ತಾರೆ. ಚೇತರಿಸಿಕೊಂಡ ಬಾಲಕನು ಹೋಗಿ ತಂದೆಯೊಡನೆ ಮಾತನಾಡುತ್ತಾನೆ, ಒಬ್ಬೊಬ್ಬರನ್ನೂ ಬೀಳ್ಕೊಡುತ್ತಾನೆ, ಕಡೆಗೆ ತಾನೂ ಬೆಳೆದವನಾಗಿ ಒಂದು ರೈಲು ನಿಲ್ದಾಣದಿಂದ ಓಡಿ ಹೊರಬರುತ್ತಾನೆ. ಆ ನಿಲ್ದಾಣವು ನಿರ್ದೇಶಕನ ಹುಟ್ಟೂರಾದ ಉಬೆಯಲ್ಲಿಯದು. ಅಲ್ಲಿಂದ ಮೇಲಕ್ಕೆ ಬರೆದ ಚಿತ್ರವು ಸರಿದು ನಿಜವಾದ ಊರೇ ತೆರೆಯ ಮೇಲೆ ನಿಲ್ಲುತ್ತದೆ. ೧೯೯೭ರಲ್ಲಿ ನೈಜ ಪ್ರಪಂಚವು ಕನ್ನಡಿಯಾಗಿ ಬಂದು ಚುಚ್ಚಿತ್ತು. ಈಗ ಅದೇ ತೆರೆದ ಬಾಗಿಲಾಗಿ ಬಂದಿತು.

ಅಸಮಾಧಾನವು ಆಗಲೂ ಇಲ್ಲದೆ ಹೋಗಲಿಲ್ಲ. ೨೦೦೯ರ ಚಿತ್ರದಲ್ಲಿ ಹೊಸದಾಗಿ ಸೇರಿದ ಮಾರಿ ಎಂಬವಳ ಕೈಹಿಡಿದು ನಾಯಕನು ಹೊರಟದ್ದನ್ನು ಹಳೆಯ ನಾಯಿಕೆಯರ ಅಭಿಮಾನಿಗಳು ಒಪ್ಪಲಿಲ್ಲ. ಆದರೂ ಹೆಚ್ಚಿನವರು ಇದನ್ನು ಶಾಲೆಯಿಂದ ಉತ್ತೀರ್ಣರಾಗಿ ಹೊರಬಂದ ದಿನಕ್ಕೆ ಹೋಲಿಸಿದರು. ಮೊದಲ ಪ್ರಸಾರವನ್ನು ಶಿಂಜಿಯ ವಯಸ್ಸಿನಲ್ಲಿ ನೋಡಿದವರಿಗೆ ಈಗ ನಲವತ್ತು ಸಮೀಪಿಸಿತ್ತು. ಅವರಲ್ಲಿ ಅನೇಕರು ತಾವೇ ತಂದೆತಾಯಿಗಳಾಗಿದ್ದರು. ಇದಕ್ಕೆ ಮುಂಚೆಯೇ, ೨೦೧೯ರ ಜೂನಿನಲ್ಲಿ, ಹಳೆಯ ಮಾಲೆಯು ನೆಟ್‌ಫ್ಲಿಕ್ಸ್ ಮೂಲಕ ಭಾರತವನ್ನೂ ಒಳಗೊಂಡು ಹಲವು ದೇಶಗಳ ಮನೆಗಳಿಗೆ ಬಂದಿದ್ದಿತು. ಅಲ್ಲಿ ಅದನ್ನು ಮೊದಲ ಬಾರಿಗೆ ನೋಡಿದ ತರುಣರಲ್ಲಿಯೂ ೧೯೯೬ರ ಅದೇ ಎರಡು ಪಕ್ಷಗಳು ಎದ್ದುವು.

ಇಪ್ಪತ್ತೈದು ವರ್ಷಗಳ ಈ ವ್ಯವಹಾರದಿಂದ ತಿಳಿಯುವುದೇನೆಂದರೆ, ಮುಕ್ತಾಯವನ್ನು ಬಲಾತ್ಕಾರದಿಂದ ಪಡೆಯಲಾಗುವುದಿಲ್ಲ. ಸಭೆಯು ಗದರಿಸಿ ಕೇಳಿದಾಗ ಅದಕ್ಕೆ ದೊರೆತದ್ದು ೧೯೯೭ರ ಪ್ರಳಯ. ಕೇಳಿದವರೂ ಹೇಳುವವನೂ ತಮ್ಮ ತಮ್ಮ ದುಃಖಗಳಲ್ಲಿ ಪಕ್ವವಾದ ಮೇಲೆ ದೊರೆತದ್ದು ೨೦೨೧ರ ಬೀಳ್ಕೊಡುಗೆ. ಲಾಕ್ಷಣಿಕರು ಪ್ರೇಕ್ಷಕನನ್ನು ಸಹೃದಯನೆಂದು ಕರೆದರು. ಕವಿಯ ಹೃದಯಕ್ಕೆ ಸಮಾನವಾದ ಹೃದಯವುಳ್ಳವನು ಎಂದು ಅದರ ಭಾವ. ಆ ಸಮಾನತೆಯು ಟಿಕೀಟು ಕೊಂಡ ಕ್ಷಣದಲ್ಲಿ ಬರುವುದಲ್ಲ. ಕೆಲವು ವೇಳೆ ಅದಕ್ಕೆ ಕಾಲು ಶತಮಾನ ಬೇಕಾಗುತ್ತದೆ. ಋಣವು ತೀರಿಲ್ಲವೆಂದು ಹೇಳುವ ಹಕ್ಕು ಪ್ರೇಕ್ಷಕನಿಗೆ ಯಾವಾಗಲೂ ಉಂಟು. ತೀರಿಸುವವನು ಬದುಕಿರಲೆಂದು ಹಾರೈಸುವ ಹೊಣೆಯೂ ಅವನದೇ.