ಸುಟ್ಟ ಹಣ, ಉಳಿದ ಹಣ

ಬೆಳ್ಳಿಯ ನಾಣ್ಯವನ್ನು ಕೂಡಿಡುವವನಿಗೆ ಲೋಹದ ಬೆಲೆಯಾದರೂ ಕೈಯಲ್ಲಿರುತ್ತದೆ. ಅಮೆರಿಕೆಯ ವಸಾಹತುಗಳ ಕಾಗದದ ಹಣವನ್ನು ಸಂಗ್ರಹಿಸುವವನ ಕೈಗೆ ಬರುವುದು ಸರಕಾರವೊಂದು ಎಂದೋ ಕೊಟ್ಟ ಮಾತು ಮಾತ್ರ. ಆದರೂ ಆ ಹರಕು ಚೀಟಿಗಳು ಚರಿತ್ರೆಯ ಅಭ್ಯಾಸಿಗೆ ತಿಳಿಸುವ ವಿಷಯವು ಅಲ್ಪವಲ್ಲ.

1690ರಲ್ಲಿ ಮ್ಯಾಸಚೂಸೆಟ್ಸ್ ವಸಾಹತಿನ ಸೇನೆಯು ಫ್ರೆಂಚರ ವಶದಲ್ಲಿದ್ದ ಕ್ವಿಬೆಕ್ ಪಟ್ಟಣವನ್ನು ಹಿಡಿಯಲಾರದೆ ಹಿಂದಿರುಗಿತು. ಸಿಪಾಯಿಗಳ ಸಂಬಳಕ್ಕೆ ಬೊಕ್ಕಸದಲ್ಲಿ ಹಣವಿರಲಿಲ್ಲ. ಆಗ ಸರಕಾರವು ಅವರಿಗೆ ಕಾಗದದ ಚೀಟಿಗಳನ್ನು ಹಂಚಿ, ತೆರಿಗೆಗೆ ಅವನ್ನೇ ಸ್ವೀಕರಿಸುವುದಾಗಿ ವಚನವಿತ್ತಿತು. ಆಂಗ್ಲರ ಅಮೆರಿಕೆಯಲ್ಲಿ ಕಾಗದದ ಹಣವು ಹುಟ್ಟಿದ್ದು ಹೀಗೆ.

ಉಳಿದ ವಸಾಹತುಗಳೂ ಕ್ರಮೇಣ ಇದೇ ದಾರಿಯನ್ನು ಹಿಡಿದುವು. ಪೆನ್ಸಿಲ್ವೇನಿಯವು 1723ರಿಂದ ಭೂಮಿಯ ಅಡಮಾನದ ಮೇಲೆ ಚೀಟಿಗಳನ್ನು ಸಾಲವಾಗಿ ಕೊಟ್ಟಿತು. ಅದಕ್ಕೆ ಚೀಟಿಗಳನ್ನು ಅಚ್ಚುಹಾಕಿಕೊಟ್ಟ ಬೆಂಜಮಿನ್ ಫ್ರಾಂಕ್ಲಿನನು ನಿಜವಾದ ಎಲೆಯ ಪಡಿಯಚ್ಚನ್ನೇ ಅವುಗಳ ಮೇಲೆ ಮೂಡಿಸಿದನು. ಒಂದು ಎಲೆಯ ನರಗಳ ಹೆಣಿಗೆ ಮತ್ತೊಂದರಲ್ಲಿರದು. ಖೋಟಾಗಾರನ ಉಳಿ ಅದನ್ನು ಅನುಕರಿಸಲಾರದು. ಖೋಟಾ ಮಾಡಿದವನಿಗೆ ಮರಣವೇ ದಂಡನೆಯೆಂಬ ಎಚ್ಚರಿಕೆಯನ್ನೂ ಹಲವು ಚೀಟಿಗಳ ಮೇಲೆ ಅಚ್ಚಿಸಿದ್ದರು.

1775ರಲ್ಲಿ ಸ್ವಾತಂತ್ರ್ಯಯುದ್ಧವು ಮೊದಲಾಗಲು, ಕಾಂಟಿನೆಂಟಲ್ ಕಾಂಗ್ರೆಸ್ಸು ತಾನೂ ಚೀಟಿಗಳನ್ನು ಹೊರಡಿಸಿತು. ಅದಕ್ಕೆ ತೆರಿಗೆ ವಿಧಿಸುವ ಅಧಿಕಾರವಿರಲಿಲ್ಲ, ಖರ್ಚಿಗೋ ಮಿತಿಯಿರಲಿಲ್ಲ. 1779ರ ಕೊನೆಯ ಹೊತ್ತಿಗೆ ಇಪ್ಪತ್ತು ಕೋಟಿ ಡಾಲರುಗಳಿಗೂ ಮಿಕ್ಕ ಕಾಗದವು ಹೊರಬಿದ್ದಿತ್ತು. ಸಾಲದುದಕ್ಕೆ ಆಂಗ್ಲರ ಪಕ್ಷದವರು ಖೋಟಾ ಚೀಟಿಗಳನ್ನು ಹರಡಿದರು. 1781ರಲ್ಲಿ ಅದು ಹಣವಾಗಿ ನಡೆಯುವುದೇ ನಿಂತಿತು. 1790ರ ಶಾಸನವು ಅಂತಹ ನೂರು ಡಾಲರಿಗೆ ಒಂದು ಡಾಲರಿನ ಸಾಲಪತ್ರವನ್ನು ಮಾತ್ರ ಕೊಡಲೊಪ್ಪಿತು. ದೇಶಕ್ಕಾಗಿ ಹೋರಾಡಿ ಆ ಕಾಗದವನ್ನೇ ಸಂಬಳವಾಗಿ ಪಡೆದಿದ್ದ ಸಿಪಾಯಿಯ ಪಾಡನ್ನು ವಾಚಕರೇ ಊಹಿಸಬಹುದು.

ಇಲ್ಲೊಂದು ವಿಚಿತ್ರವು ಸಂಗ್ರಾಹಕನಿಗೆ ಗೋಚರವಾಗುತ್ತದೆ. ತೆರಿಗೆಯಾಗಿಯೋ ಸಾಲದ ಮರುಪಾವತಿಯಾಗಿಯೋ ಬೊಕ್ಕಸಕ್ಕೆ ಮರಳಿದ ಚೀಟಿಗಳನ್ನು ಎಣಿಸಿ ಸುಡುವುದು ವಸಾಹತುಗಳ ಪದ್ಧತಿಯಾಗಿತ್ತು. ಆದುದರಿಂದ ಕೊಟ್ಟ ಮಾತನ್ನು ನಡೆಸಿದ ಹಣವು ಬಹುಮಟ್ಟಿಗೆ ಬೂದಿಯಾಯಿತು. ಮಾತು ತಪ್ಪಿದ ಹಣವು ಪೆಟ್ಟಿಗೆಗಳ ತಳದಲ್ಲಿ ಉಳಿಯಿತು. 1690ರ ಚೀಟಿಯು ಇಂದು ಅತಿ ದುರ್ಲಭ. ಕಾಂಟಿನೆಂಟಲ್ ಚೀಟಿಗಳು ಈಗಲೂ ಸಾಕಷ್ಟು ದೊರೆಯುತ್ತವೆ.

ಹೀಗೆ ಉಳಿದವುಗಳಲ್ಲಿ ಕೆಲವನ್ನು ಹರಿದೆಡೆಯಲ್ಲಿ ಸೂಜಿದಾರದಿಂದ ಹೊಲಿದಿದ್ದಾರೆ. ಕೆಲವಕ್ಕೆ ಗುಂಡುಸೂಜಿಯನ್ನು ಚುಚ್ಚಿದ್ದಾರೆ. ಅಂಚು ಕೆಡದ ಹೊಸ ಚೀಟಿಗೆ ಸಂತೆಯಲ್ಲಿ ಬೆಲೆ ಹೆಚ್ಚು. ಆದರೆ ಆ ಮಾತನ್ನು ಜನರು ಎಷ್ಟು ನಂಬಿದ್ದರೆಂಬುದಕ್ಕೆ ಹೊಲಿಗೆಯ ಚೀಟಿಯೇ ಸಾಕ್ಷಿ.